ಮಗು ಯಾಕೆ ಸುಮ್ಮನಾಯಿತು?

ಅಕ್ಕಂದಿರೆ, 2020ರ ಮಾರ್ಚ್ ತಿಂಗಳು ನೆನಪಿದೆಯೆ? ಕೊರೋನಾ ರೋಗ ಬಂತು. ಶಾಲೆಗಳು ಮುಚ್ಚಿದವು. ಟಿಳಕವಾಡಿಯ ರೈಲ್ವೆ ಗೇಟಿನ ಬಳಿ ಜನರ ಗದ್ದಲ ಅಡಗಿತು. ಮನೆಗೆಲಸಕ್ಕೆ ಹೋಗುವವರಿಗೆ "ಸದ್ಯ ಬರಬ್ಯಾಡವ್ವ" ಅಂದರು. ಪಗಾರ ನಿಂತಿತು.

ನಾವು ಜೋಳದ ಚಿಂತೆ ಮಾಡಿದೆವು. ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಲಿಲ್ಲ.

ಒಂದರಿಂದ ಐದನೆಯ ತರಗತಿಯವರೆಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ಹತ್ತೊಂಬತ್ತು ತಿಂಗಳ ಮೇಲೆ. ಎಷ್ಟೋ ಮಕ್ಕಳು ಒಂದನೆಯ ತರಗತಿಯ ಕೋಣೆ ನೋಡದೆಯೇ ಎರಡನೆಯ ತರಗತಿಗೆ ಬಂದರು. ನಡುವೆ 'ವಿದ್ಯಾಗಮ' ಬಂತು. ಗುರುಗಳು ಓಣಿಗೆ ಬಂದು ಕಲಿಸಿದರು. ಎರಡು ತಿಂಗಳಲ್ಲಿ ಅದೂ ನಿಂತಿತು. ಆಮೇಲೆ ಮೊಬೈಲ್ ಪಾಠ. ಮನೆಗೆ ಒಂದೇ ಮೊಬೈಲ್. ಎಷ್ಟೋ ಮನೆಗಳಲ್ಲಿ ಅದು ಮಗನ ಕೈಗೆ ಹೋಯಿತು. ಮಗಳು ಭಾಂಡೆ ತಿಕ್ಕಿದಳು. ಇದನ್ನು ಬರೆಯಲು ನಮಗೇ ನಾಚಿಕೆ.

"ನನಗೆ ಹೆದರಿಕೆ ಆಗಿದೆ" ಎಂದು ಚಿಕ್ಕ ಮಗುವಿಗೆ ಹೇಳಲು ಬಾರದು. ಅದರ ಮೈ ಹೇಳುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿ ಮತ್ತೆ ಬರುತ್ತದೆ. ಹೊಟ್ಟೆನೋವು ಅನ್ನುತ್ತದೆ. ಅವ್ವನ ಸೆರಗು ಬಿಡುವುದಿಲ್ಲ. ಹದಿಮೂರು, ಹದಿನಾಲ್ಕು ವಯಸ್ಸಿನವರ ರೀತಿಯೇ ಬೇರೆ. ರಾತ್ರಿ ನಿದ್ದೆ ಇಲ್ಲ. ಮಾತು ಮಾತಿಗೆ ಸಿಟ್ಟು. ಗೆಳತಿಯರೂ ಬೇಡ, ಊಟವೂ ಬೇಡ. ನಾವು ಇದಕ್ಕೆ ಸೊಕ್ಕು ಅಂದೆವು. ಬೈದೆವು, ಹೊಡೆದೆವು.

2021ರಲ್ಲಿ ರೋಗ ಮತ್ತೆ ಜೋರಾಯಿತು. ಬಹಳ ಮನೆಗಳಲ್ಲಿ ಸಾವು ಆಯಿತು. "ಅಜ್ಜಿ ಊರಿಗೆ ಹೋಗ್ಯಾಳ" ಎಂದು ಮಗುವಿಗೆ ಸುಳ್ಳು ಹೇಳಿದರೆ ಏನಾಗುತ್ತದೆ? ಮಗು ಬಾಗಿಲು ಕಾಯುತ್ತದೆ. "ನನ್ನ ಮ್ಯಾಲೆ ಸಿಟ್ಟಾಗಿ ಹೋದಳೇನು?" ಎಂದು ಒಳಗೇ ಕೊರಗುತ್ತದೆ. ಅಜ್ಜಿ ಸತ್ತಳು, ಅದು ನಿನ್ನ ತಪ್ಪಲ್ಲ ಎಂದು ಸಣ್ಣ ಮಾತಿನಲ್ಲಿ ನಿಜ ಹೇಳಬೇಕು. ಮಗು ಅತ್ತರೆ ಅಳಲಿ. ನಾವೂ ಅತ್ತರೆ ತಪ್ಪಿಲ್ಲ.

ರೊಟ್ಟಿ ಬಡಿಯುವಾಗ ಮಗುವನ್ನು ಹತ್ತಿರ ಕೂಡಿಸಿಕೊಳ್ಳಿ. "ಏನಾಗೇತಿ ನನ್ನವ್ವ?" ಎಂದು ಕೇಳಿ. ಬೇಗ ಹೇಳದಿದ್ದರೆ ಕಾಯಿರಿ. ಊಟ, ನಿದ್ದೆ ದಿನಾ ಒಂದೇ ಹೊತ್ತಿಗೆ ಇರಲಿ.

ಎರಡು ವಾರವಾದರೂ ಮಗು ಹಾಗೇ ಇದ್ದರೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮನಸ್ಸಿನ ರೋಗದ ಡಾಕ್ಟರು ಇದ್ದಾರೆ. "ನಾ ಸತ್ತರ ಚಲೋ" ಎಂದು ಮಗು ಅಂದರೆ ಒಂದು ದಿನವೂ ತಡ ಮಾಡಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ.

ಸರ್ಕಾರ 2022ರಲ್ಲಿ 'ಟೆಲಿ ಮಾನಸ್' ಎಂಬ ಫೋನ್ ಸಹಾಯ ಶುರು ಮಾಡಿದೆ. ನಂಬರ್ 14416. ದುಡ್ಡಿಲ್ಲ. ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು. ಈಗ ನಿಮಗೆ ಅಂಕಿ ಬರೆಯಲು ಬರುತ್ತದಲ್ಲ? ಗೋಡೆಯ ಕ್ಯಾಲೆಂಡರಿನ ಮೇಲೆ ನಿಮ್ಮ ಕೈಯಿಂದಲೇ ಬರೆದಿಡಿ: 14416.