ಕೆಳಗಿನಿಂದ ಮೇಲಕ್ಕೆ

ಗುದನಾಳದ ಕೆಳತುದಿ ಶಸ್ತ್ರವೈದ್ಯರ ತಾಳ್ಮೆ ಪರೀಕ್ಷಿಸುವ ಜಾಗ. ಸುತ್ತ ಸೊಂಟದ ಮೂಳೆಗಳು, ಪಕ್ಕದಲ್ಲೇ ಮೂತ್ರಕ್ಕೂ ಕಾಮಕ್ಕೂ ಬೇಕಾದ ನರಗಳು. ರೋಗಿ ದಪ್ಪ ಮೈಯ ಗಂಡಸಾದರೆ ಇಕ್ಕಟ್ಟು ಇನ್ನೂ ಹೆಚ್ಚು. ಅಲ್ಲಿ ಏನನ್ನು ತೆಗೆಯಬೇಕೆಂದು 1982ರಲ್ಲಿ ಸ್ಪಷ್ಟಪಡಿಸಿದವರು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್. ಗಡ್ಡೆಯಷ್ಟೇ ಸಾಲದು, ನಾಳವನ್ನು ಸುತ್ತಿದ ಕೊಬ್ಬಿನ ಹೊದಿಕೆಯೂ ಹರಿಯದೆ ಇಡಿಯಾಗಿ ಬರಬೇಕು. ಕ್ಯಾನ್ಸರ್ ಮರುಕಳಿಸುವುದು ಅಲ್ಲಿ ಉಳಿದ ಕಣಗಳಿಂದ ಎಂದರು. ನಾರ್ವೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ತನ್ನ ವೈದ್ಯರಿಗೆ ಆ ವಿಧಾನ ಕಲಿಸಿತು. 1993ರಿಂದ ದೇಶದ ಗುದನಾಳ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನೂ ಬರೆದಿಡತೊಡಗಿತು.

ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಬಂದಮೇಲೆ ಹೊಟ್ಟೆಯ ಗಾಯ ಚಿಕ್ಕದಾಯಿತು. ಆದರೆ ಮೇಲಿನಿಂದ ಇಳಿಬಿಟ್ಟ ನೇರ ಸಲಕರಣೆಗಳು ಆ ಇಕ್ಕಟ್ಟಿನ ತಳದಲ್ಲಿ ತಿರುಗಲು ಒಲ್ಲವು. ಹಾಗಿದ್ದರೆ ಕೆಳಗಿನಿಂದಲೇ ಯಾಕೆ ಹೋಗಬಾರದು?

ಹೋಗುವ ಸಾಧನ ಆಗಲೇ ಇತ್ತು. ಜರ್ಮನಿಯ ಗೆರ್ಹಾರ್ಡ್ ಬ್ಯೂಸ್ 1983ರಲ್ಲೇ 4 ಸೆಂಟಿಮೀಟರ್ ಅಗಲದ ಕೊಳವೆಯೊಂದನ್ನು ಗುದದ್ವಾರದಲ್ಲಿ ಕೂರಿಸಿ, ಅನಿಲ ತುಂಬಿಸಿ ಒಳಗನ್ನು ಅರಳಿಸಿ, ಚಿಕ್ಕ ಗಡ್ಡೆಗಳನ್ನು ಕತ್ತರಿಸಿ ತೆಗೆದಿದ್ದರು. ದುಬಾರಿ, ಕಲಿಯಲು ಕಷ್ಟ. ಬಹುಕಾಲ ಕೆಲವೇ ಮಂದಿ ಬಳಸಿದರು. ಅಮೆರಿಕದ ಬಾಸ್ಟನ್‌ನಲ್ಲಿ ಪೆಟ್ರೀಷಿಯಾ ಸಿಲ್ಲಾ ಮತ್ತು ಡೇವಿಡ್ ರ್‍ಯಾಟ್ನರ್ ಅದೇ ಕೊಳವೆಯ ಮೂಲಕ ಇಡೀ ನಾಳವನ್ನೇ ಬಿಡಿಸಿ ತೆಗೆಯುವುದನ್ನು ಹಂದಿಗಳ ಮೇಲೆ, ಶವಗಳ ಮೇಲೆ ಅಭ್ಯಾಸ ಮಾಡಿದರು. 2009ರ ನವೆಂಬರಿನಲ್ಲಿ ಬಾರ್ಸಿಲೋನಾದ ಆಂಟೋನಿಯೊ ಲೇಸಿ ಅವರ ತಂಡದ ಜೊತೆ ಸೇರಿ, 76 ವರ್ಷದ ಮಹಿಳೆಯೊಬ್ಬರಿಗೆ ಅದೇ ಶಸ್ತ್ರಕ್ರಿಯೆ ಮಾಡಿದರು. ಹೊಟ್ಟೆಯ ಸಣ್ಣ ತೂತುಗಳ ಲ್ಯಾಪರೊಸ್ಕೋಪಿ ಸಹಾಯಕ್ಕಿತ್ತು. ಮುಖ್ಯ ಕೆಲಸ ಕೆಳಗಿನಿಂದ. ಕತ್ತರಿಸಿದ ಭಾಗ ಹೊರಬಂದದ್ದೂ ಅದೇ ದಾರಿಯಲ್ಲಿ.

ಈ ವಿಧಾನದ ಜೀವ ಇರುವುದು ಒಂದು ಹೊಲಿಗೆಯಲ್ಲಿ. ಎಲೆಯಡಿಕೆ ಸಂಚಿಯ ಬಾಯನ್ನು ದಾರ ಎಳೆದು ಮುಚ್ಚುವ ಹಾಗೆ, ಗಡ್ಡೆಯ ಕೆಳಗೆ ನಾಳದ ಬಾಯನ್ನು ಮೊದಲು ಬಿಗಿಯಬೇಕು. ಆಮೇಲೆ ಅದರ ಕೆಳಗೆ ಸುತ್ತಲೂ ಕೊಯ್ದು, ಹೀಲ್ಡ್ ಹೇಳಿದ ಹೊದಿಕೆಯ ಅಂಚು ಹಿಡಿದು ಮೇಲೇರಬೇಕು. ಅನಿಲದ ಒತ್ತಡಕ್ಕೆ ಪದರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ವಿಡಿಯೋದಲ್ಲಿ ನೋಡಲು ಬಲು ಚಂದ. ಜಗತ್ತಿನಾದ್ಯಂತ ಅಷ್ಟು ಬೇಗ ಹಬ್ಬಿದ್ದಕ್ಕೆ ಆ ಚಂದವೂ ಒಂದು ಕಾರಣ ಎಂದು ನನ್ನ ಗುಮಾನಿ.

2014ರಲ್ಲಿ ನಾರ್ವೆಯೂ ಇದನ್ನು ಶುರುಮಾಡಿತು. ನಾಲ್ಕು ವರ್ಷದಲ್ಲಿ 157 ರೋಗಿಗಳು. ಅವರಲ್ಲಿ 12 ಜನರಿಗೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸಿತು. ಎರಡೂವರೆ ವರ್ಷದ ಆಸುಪಾಸಿಗೆ ಮರುಕಳಿಕೆಯ ಅಂದಾಜು ಪ್ರಮಾಣ ಶೇ. 11.6, ದೇಶದ ದಾಖಲೆಯಲ್ಲಿ ಉಳಿದವರದು ಶೇ. 2.4. ಹಲವರಲ್ಲಿ ಗಡ್ಡೆ ಒಂದೆಡೆಯಲ್ಲ, ಚೆಲ್ಲಿದ ಹಾಗೆ ಅಲ್ಲಲ್ಲಿ. ಹೊಲಿಗೆ ಸಡಿಲವಾಗಿ ಕ್ಯಾನ್ಸರ್ ಕಣಗಳು ಹೊರಬಿದ್ದು, ಅನಿಲದೊಡನೆ ಹರಡಿರಬಹುದು ಎಂಬ ಅನುಮಾನ ಮೂಡಿತು. 2018ರ ಕೊನೆಗೆ ನಾರ್ವೆ ಈ ವಿಧಾನವನ್ನು ನಿಲ್ಲಿಸಿತು. ಹೀಲ್ಡ್ ವಿಧಾನ ನೆಲೆಗೊಳಿಸಲು ತೆರೆದ ಲೆಕ್ಕದ ಪುಸ್ತಕವೇ ಅದರ ಹೊಸ ರೂಪಕ್ಕೆ ತಡೆ ಹಾಕಿತು.

ನೆದರ್ಲೆಂಡ್ಸ್ ಬೇರೆ ಬಗೆಯಲ್ಲಿ ಲೆಕ್ಕ ಹಾಕಿತು. 12 ಆಸ್ಪತ್ರೆಗಳ ತಲಾ ಮೊದಲ 10 ರೋಗಿಗಳಲ್ಲಿ ಮರುಕಳಿಕೆ ಶೇ. 10. ಆಮೇಲಿನ ರೋಗಿಗಳಲ್ಲಿ ಶೇ. 4.