ಗುಡ್ಡದ ಟ್ಯಾಂಕಿ, ತೋಟದ ಪೈಪು: ಎಷ್ಟು ಕೇಜಿ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎಷ್ಟೋ ಮನೆಗಳಲ್ಲಿ ಟ್ಯಾಂಕಿ ಗುಡ್ಡದ ಮೇಲೆ, ಅಡಿಕೆ ತೋಟ ಕೆಳಗೆ. ಪೈಪು ತರಲು ಹೋದರೆ ಅಂಗಡಿಯವರು "ಆರು ಕೇಜಿದು ಕೊಡ್ಲಾ?" ಅಂತಾರೆ. ಪೈಪಿನ ಮೇಲೆ ನೋಡಿದರೆ 0.6 ಎಂಪಿಎ. ಮದ್ದು ಬಿಡುವ ಪಂಪಿನ ಗೇಜಿನಲ್ಲಿ ಪಿಎಸ್‌ಐ. ಎಲ್ಲವೂ ಒತ್ತಡವೇ!

ಇಲ್ಲಿ ಕೇಜಿ ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ. 1 ಕೇಜಿಗೆ 14.2 ಪಿಎಸ್‌ಐ, 0.98 ಬಾರ್, 98 ಕಿಲೋಪ್ಯಾಸ್ಕಲ್. 0.6 ಮೆಗಾಪ್ಯಾಸ್ಕಲ್ ಅಂದರೆ 6 ಬಾರ್, ಸುಮಾರು 87 ಪಿಎಸ್‌ಐ.

ತೋಟದವರಿಗೆ ಇಷ್ಟೆಲ್ಲ ಬೇಡ. 10 ಮೀಟರ್ ಎತ್ತರದ ನೀರಿಗೆ 1 ಕೇಜಿ ಒತ್ತಡ, ಇದೊಂದು ನೆನಪಿಟ್ಟರೆ ಸಾಕು. ನೀರು ನಿಂತಿರುವಾಗ ಪೈಪಿನ ಉದ್ದ, ದಪ್ಪ ಯಾವುದೂ ಲೆಕ್ಕಕ್ಕಿಲ್ಲ. ನೇರ ಎತ್ತರ ಮಾತ್ರ. ಟ್ಯಾಂಕಿ 50 ಮೀಟರ್ ಮೇಲಿದ್ದರೆ, ಕೆಳಗೆ ವಾಲ್ವ್ ಬಂದ್ ಮಾಡಿದಾಗ ಬುಡದಲ್ಲಿ 5 ಕೇಜಿ. 4 ಕೇಜಿ ಪೈಪಿನ ಮಿತಿ ಅಲ್ಲಿಗೇ ದಾಟಿತು. ದಡಕ್ಕನೆ ಬಂದ್ ಮಾಡಿದರಂತೂ ಒತ್ತಡ ಇನ್ನೂ ಜಿಗಿಯುತ್ತದೆ.

ಪೈಪು ಕೊಳ್ಳುವ ಮೊದಲು ಗುಡ್ಡದ ಎತ್ತರ ಅಳೆಯಿರಿ. ವಾಲ್ವ್ ನಿಧಾನಕ್ಕೆ ತಿರುಗಿಸಿ.