ಆನ್‌ಲೈನ್ ಗ್ಯಾಜೆಟ್ ಅಂಗಡಿ ಯಾವ ದನಿಯಲ್ಲಿ ಮಾತಾಡಬೇಕು?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಿದ್ದೀನಿ, ಲೋಕಲ್ ಟ್ರೇನಲ್ಲಿ ನಿಂತು ಓದೋರಿಗೆ ಅನುಕೂಲ ಆಗಲಿ ಅಂತ. ಐಟಿ ಕೆಲಸದ ಜೊತೆಗೆ ಚಾರ್ಜರ್, ಪವರ್ ಬ್ಯಾಂಕ್, ಇಯರ್‌ಬಡ್ಸ್ ಮಾರುವ ಸಣ್ಣ ಆನ್‌ಲೈನ್ ಅಂಗಡಿ ಶುರು ಮಾಡೋ ಯೋಚನೆ ನಮ್ಮಲ್ಲಿ ಹಲವರಿಗಿದೆ. ಲೋಗೊ, ಬಣ್ಣ ಎಲ್ಲ ಆಮೇಲೆ ನೋಡ್ಕೊಳ್ಳಿ. ನಿಮ್ಮ ಅಂಗಡಿ ಹೇಗೆ ಮಾತಾಡುತ್ತೆ ಅನ್ನೋದು ಮೊದಲು ತೀರ್ಮಾನ ಆಗಲಿ. ಅದನ್ನೇ ಬ್ರ್ಯಾಂಡ್ ವಾಯ್ಸ್ ಅನ್ನೋದು.

ದಾದರ್ ಬೋರ್ಡಿನ ಪಾಠ

ದಾದರ್ ಪಶ್ಚಿಮದಲ್ಲಿ ರಾನಡೆ ರೋಡ್ ಸುತ್ತಮುತ್ತ ಓಡಾಡಿದವರಿಗೆ ಹಳೆ ಮರಾಠಿ ಅಂಗಡಿಗಳ ಧಾಟಿ ಗೊತ್ತಿರುತ್ತೆ. 'ಆಮ್ಚಿ ಕುಠೇಹಿ ಶಾಖಾ ನಾಹಿ' ಅನ್ನೋ ಬೋರ್ಡು ಆ ಧಾಟಿಯ ಗುರುತು. ನಮ್ಮೂರಲ್ಲೂ 'ನಮಗೆ ಬೇರೆಲ್ಲೂ ಶಾಖೆಗಳಿಲ್ಲ' ಅಂತ ಬರೆಸ್ತಾರಲ್ಲ, ಅದೇ. ಅದರ ಅರ್ಥ: ನಾನು ಇಲ್ಲೇ ಇರ್ತೀನಿ, ಸಾಮಾನು ಸರಿಯಿಲ್ಲದಿದ್ರೆ ಇಲ್ಲಿಗೇ ಬನ್ನಿ. ಗಲ್ಲಾದಲ್ಲಿ ಕೂತವರ ಮಾತೂ ಅಷ್ಟೇ ಚುಟುಕು, ಅಷ್ಟೇ ನೇರ.

ಆನ್‌ಲೈನಲ್ಲಿ ಗಲ್ಲಾದಲ್ಲಿ ಕೂತ ಮುಖ ಇಲ್ಲ. ಬ್ಯಾನರ್ ಬರೆದಿದ್ದು ಒಬ್ಬರು, ಪ್ರಾಡಕ್ಟ್ ಪೇಜ್ ಸಪ್ಲೈಯರ್‌ನಿಂದ ಕಾಪಿ, ಎಸ್ಸೆಮ್ಮೆಸ್ ಇನ್ಯಾರದೋ. ಬ್ಯಾನರ್‌ನಲ್ಲಿ 'ಗುರು, ಧಮಾಕಾ ಆಫರ್!' ಅಂತ ಹೆಗಲ ಮೇಲೆ ಕೈ ಹಾಕ್ತಾರೆ. ದುಡ್ಡು ವಾಪಸ್ ಕೇಳಿದಾಗ 'ಮಾನ್ಯ ಗ್ರಾಹಕರೇ, ತಮ್ಮ ಮನವಿಯನ್ನು ಪರಿಶೀಲಿಸಲಾಗುತ್ತಿದೆ' ಅಂತಾರೆ. ಮೊದಲೇ ದುಡ್ಡು ಕೊಟ್ಟು ಕಾಯುತ್ತಿರುವವರಿಗೆ ಮೋಸ ಹೋದೆನಾ ಅನ್ನೋ ಅನುಮಾನ ಬರೋದು ಇಲ್ಲೇ.

ಪವರ್ ಬ್ಯಾಂಕ್ ಉದಾಹರಣೆ

20,000 ಎಂಎಎಚ್ ಪವರ್ ಬ್ಯಾಂಕ್ ತಗೊಳ್ಳಿ. 5,000 ಎಂಎಎಚ್ ಫೋನನ್ನ ಎಷ್ಟು ಸಲ ಚಾರ್ಜ್ ಮಾಡುತ್ತೆ? ನಾಲ್ಕು ಸಲ ಅಂತ ಗ್ರಾಹಕರು ಭಾಗಾಕಾರ ಮಾಡ್ತಾರೆ. ಆದರೆ ಒಳಗಿನ ಸೆಲ್ ಸುಮಾರು 3.7 ವೋಲ್ಟಿನದು, ಯುಎಸ್‌ಬಿಗೆ ಅದನ್ನ 5 ವೋಲ್ಟಿಗೆ ಏರಿಸಬೇಕು. ಅಲ್ಲಿ ಸ್ವಲ್ಪ, ಫೋನ್ ಬಿಸಿಯಾಗೋದರಲ್ಲಿ ಸ್ವಲ್ಪ ಸೋರಿ ಹೋಗುತ್ತೆ. ಕೈಗೆ ಸಿಗೋದು ಎರಡೂವರೆಯಿಂದ ಮೂರು ಸಲ.

ಈಗ ಎರಡು ದನಿ ಹೋಲಿಸಿ. ಒಂದು: 'ದಿನಗಟ್ಟಲೆ ನಿಲ್ಲದ ಪವರ್!' ಇನ್ನೊಂದು: 'ನಿಮ್ಮ ಫೋನನ್ನು ಎರಡೂವರೆಯಿಂದ ಮೂರು ಸಲ ಚಾರ್ಜ್ ಮಾಡುತ್ತೆ. 74 ವ್ಯಾಟ್-ಅವರ್, ವಿಮಾನದ 100ರ ಮಿತಿಯೊಳಗಿದೆ. ಕೈಚೀಲದಲ್ಲೇ ಇಡಿ, ಚೆಕ್-ಇನ್ ಲಗೇಜಿಗೆ ಹಾಕಬೇಡಿ.' ಎರಡನೆಯದು ಗೊತ್ತಿರುವ ಅಂಗಡಿಯವರು ಆಡುವ ಮಾತು. ರಿಟರ್ನ್ ಕೂಡ ಕಡಿಮೆಯಾಗುತ್ತೆ, ಯಾಕಂದ್ರೆ ಆಸೆ ತೋರಿಸಿ ಕೈಬಿಟ್ಟಿಲ್ಲ.

ಕೆಟ್ಟ ಸುದ್ದಿಯನ್ನ ಮೊದಲು ಬರೀರಿ

ನನ್ನ ಸಲಹೆ ಇಷ್ಟೇ: ಬ್ಯಾನರ್ ಕೊನೆಗೆ ಬರೀರಿ. ತಡ, ಸ್ಟಾಕ್ ಇಲ್ಲ, ರೀಫಂಡ್, ಈ ಮೂರು ಸಂದೇಶ ಮೊದಲು. 'ನಿಮ್ಮ ಇಯರ್‌ಬಡ್ಸ್ ಗುರುವಾರದ ಬದಲು ಶನಿವಾರ ಬರುತ್ತೆ. ಬೇಡ ಅಂದ್ರೆ ಇಲ್ಲೇ ಕ್ಯಾನ್ಸಲ್ ಮಾಡಿ, ಪೂರ್ತಿ ಹಣ ವಾಪಸ್.' ಇದನ್ನ ನೇರವಾಗಿ ಹೇಳೋಕೆ ಬಂದರೆ ಉಳಿದದ್ದೆಲ್ಲ ಸುಲಭ.

ಕಾನೂನೂ ಇದನ್ನೇ ಕೇಳುತ್ತೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಎಸ್ಸೆಮ್ಮೆಸ್ ವಾಕ್ಯಗಳನ್ನ ಡಿಎಲ್‌ಟಿಯಲ್ಲಿ ಮುಂಚೆಯೇ ನೋಂದಾಯಿಸಬೇಕು. ಆಮೇಲೆ ಒಂದು ಪದ ಬದಲಾಯಿಸೋದಕ್ಕೂ ಮತ್ತೆ ಒಪ್ಪಿಗೆ ಬೇಕು. ಹಾಗಾಗಿ ದನಿ ಗೊತ್ತಾದ ಮೇಲೇ ಟೆಂಪ್ಲೇಟ್ ಹಾಕಿ.

ಒಂದೇ ದನಿ ಅಂದ್ರೆ ಸದಾ ಒಂದೇ ರಾಗ ಅಲ್ಲ. ಇದೇ ಮುಂಬೈಯ ಡಕುನ್ಹಾ ಏಜೆನ್ಸಿ ಬೆಳೆಸಿದ ಅಮುಲ್ ಹುಡುಗಿಯನ್ನೇ ನೋಡಿ. ದಿನನಿತ್ಯ ತಮಾಷೆ ಮಾಡ್ತಾಳೆ, ಗಣ್ಯರು ತೀರಿಕೊಂಡಾಗ ತಗ್ಗಿದ ದನಿಯಲ್ಲಿ ನಮಸ್ಕಾರ ಹೇಳ್ತಾಳೆ. ಆದರೂ ಅವಳೇ ಅಂತ ಗೊತ್ತಾಗುತ್ತೆ.

ಕನ್ನಡದಲ್ಲಿ ಮಾರೋದಾದ್ರೆ

ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ ಕನ್ನಡ, ತಮಿಳು, ತೆಲುಗು ತಂದಾಗ ಎಲ್ಲವನ್ನೂ ಅನುವಾದ ಮಾಡಲಿಲ್ಲ. ಜನ ಬಳಸೋ ಇಂಗ್ಲಿಷ್ ಪದಗಳನ್ನ ಹಾಗೇ ಆಯಾ ಲಿಪಿಗೆ ಇಳಿಸಿತು. ನೀವೂ ಹಾಗೇ ಮಾಡಿ: ಬ್ಯಾಟರಿ ಬ್ಯಾಟರಿಯಾಗೇ ಇರಲಿ, ವಿದ್ಯುತ್ಕೋಶ ಬೇಡ. 'ನೀವು' ಅಂತ ಶುರು ಮಾಡಿದ್ರೆ ಕೊನೆವರೆಗೂ 'ನೀವು'. ಬೆಂಗಳೂರಿನ 'ಸಖತ್ತು', ಧಾರವಾಡದ 'ಭಾರಿ', ಯಾವುದಾದ್ರೂ ಸರಿ, ನಿಮ್ಮ ಮನೇಲಿ ಆಡೋದನ್ನೇ ಇಟ್ಕೊಳ್ಳಿ. ಎರವಲು ತಂದ ಧಾಟಿ ಬಹಳ ದಿನ ನಿಲ್ಲಲ್ಲ.

ಈ ಭಾನುವಾರ ಒಂದು ಹಾಳೆ ತಗೊಳ್ಳಿ. ಗ್ರಾಹಕರನ್ನ ಹೇಗೆ ಕರೀತೀರಿ, ಯಾವ ಪದ ಬಳಸ್ತೀರಿ, ಯಾವುದನ್ನ ಬಳಸಲ್ಲ ಅಂತ ಬರೆದು, ಆ ಮೂರು ಕೆಟ್ಟ ಸುದ್ದಿ ಸಂದೇಶ ಸೇರಿಸಿ. ಊರಲ್ಲಿರೋ ಅಮ್ಮನಿಗೆ ಫೋನಲ್ಲಿ ಓದಿ ಹೇಳಿ. 'ಹಾಗಂದ್ರೇನಪ್ಪಾ?' ಅಂತ ಕೇಳಿದ ವಾಕ್ಯವನ್ನ ಹೊಡೆದು ಹಾಕಿ, ಮತ್ತೆ ಬರೀರಿ.